ಡ್ರಾಕುಲಾನ ನಾಡಿನ ಟಿಪ್ಪಣಿಕಾರ



ಅನುವಾದಕ್ಕೆಂದು ಇಟ್ಟ ದತ್ತಿಯ ಉಪನ್ಯಾಸ ಇದು. ಇಂಥ ವೇದಿಕೆಯಲ್ಲಿ ಅನುವಾದದ ಸಮಸ್ಯೆಗಳ ಬಗ್ಗೆ ಮಾತಾಡುವುದು ವಾಡಿಕೆ. ಆ ಸಮಸ್ಯೆಗಳು ನಿಮಗೆಲ್ಲ ಗೊತ್ತಿರುವವೇ. ಅವು ಬಗೆಹರಿಯುವುದಿಲ್ಲ ಎಂಬುದೂ ಗೊತ್ತಿರುವುದೇ. ಹಾಗಾಗಿ ಇವತ್ತು ಅವುಗಳನ್ನು ಪಕ್ಕಕ್ಕಿಟ್ಟು ಒಬ್ಬ ಅನುವಾದಕನ ಬದುಕಿನ ಬಗ್ಗೆ ಮಾತಾಡುತ್ತೇನೆ. ಹೆಸರು ಲೆನರ್ಡ್ ವುಲ್ಫ್. ವರ್ಜೀನಿಯಾ ವುಲ್ಫ್ ಅವರ ಗಂಡನ ಹೆಸರೂ ಅದೇ. ಆದರೆ ಇವರು ಅವರಲ್ಲ. ಇವರು 1923ರ ಮಾರ್ಚ್ 1ರಂದು ರುಮೇನಿಯಾದ ಟ್ರಾನ್ಸಿಲ್ವೇನಿಯಾ ಪ್ರಾಂತದಲ್ಲಿ ಹುಟ್ಟಿ, ಅಮೆರಿಕದಲ್ಲಿ ಬಾಳಿ, 96 ವರ್ಷ ತುಂಬಿ 2019ರಲ್ಲಿ ತೀರಿಕೊಂಡವರು. ಇಂಗ್ಲಿಷ್ ಓದುಗರಿಗೆ ‘ಡ್ರಾಕುಲಾ’ ಕಾದಂಬರಿಯ ಮೊದಲ ಸಟಿಪ್ಪಣ ಆವೃತ್ತಿಯನ್ನು ಕೊಟ್ಟವರು. ಯಿಡ್ಡಿಷ್ ಭಾಷೆಯಿಂದ ಇಂಗ್ಲಿಷಿಗೆ, ಒಂದು ಸಲ ಇಂಗ್ಲಿಷಿನಿಂದ ಯಿಡ್ಡಿಷಿಗೆ, ಅನುವಾದ ಮಾಡಿದವರು.

ಇವರ ಬಗ್ಗೆ ಬರೆದವರು ಸಾಮಾನ್ಯವಾಗಿ ಎರಡು ಪಟ್ಟಿ ಕೊಡುತ್ತಾರೆ. ಒಂದು ಕಡೆ ದೆವ್ವ, ರಕ್ತಪಿಶಾಚಿ, ರಾಕ್ಷಸರ ಪುಸ್ತಕಗಳು. ಇನ್ನೊಂದು ಕಡೆ ಯಿಡ್ಡಿಷ್ ಅನುವಾದಗಳು. ಮೊದಲನೆಯದು ಹೊಟ್ಟೆಪಾಡು, ಎರಡನೆಯದು ಮನೆಯ ಋಣ ಎಂಬ ಧಾಟಿ. ನನಗೆ ಇದು ಒಪ್ಪಿಗೆಯಿಲ್ಲ. ಎರಡೂ ಒಂದೇ ಅನುಭವದಿಂದ ಬಂದ ಕೆಲಸ ಎಂದು ನನ್ನ ಅಂದಾಜು. ಪೂರ್ವ ಯೂರೋಪಿನಿಂದ ಗಂಟುಮೂಟೆ ಕಟ್ಟಿಕೊಂಡು ಇಂಗ್ಲಿಷಿನ ನಾಡಿಗೆ ಬಂದಿಳಿದ ಪರಕೀಯನ ಅನುಭವ ಅದು.

ಮೊದಲು ಅವರು ಹುಟ್ಟಿದ ಊರು. ವುಲ್ಕಾನ್ ಎಂಬುದು ಜಿಯು ಕಣಿವೆಯ ಒಂದು ಕಲ್ಲಿದ್ದಲು ಪಟ್ಟಣ. 1920ರ ಟ್ರಿಯಾನಾನ್ ಒಪ್ಪಂದದವರೆಗೆ ಅದು ಹಂಗೆರಿ ರಾಜ್ಯದ್ದು, ಆಮೇಲೆ ರುಮೇನಿಯಾದ್ದು. ಹುಟ್ಟಿದಾಗ ಮಗುವಿಗಿಟ್ಟ ಹೆಸರು ಲುಡೊವಿಕ್. ಮನೆತನ ಯಹೂದಿಗಳದ್ದು. ಕೋಟೆ, ಬಾವಲಿ, ಬೆಳದಿಂಗಳು ಇವನ್ನೆಲ್ಲ ಬಿಟ್ಟು ಇದ್ದಿಲ ದೂಳನ್ನು ಕಲ್ಪಿಸಿಕೊಳ್ಳಿ. 1929ರ ಆಗಸ್ಟ್‌ನಲ್ಲಿ, ಹುಡುಗನಿಗೆ ಆರು ವರ್ಷವಾಗಿದ್ದಾಗ, ಪಕ್ಕದ ಲುಪೇನಿಯಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಮೇಲೆ ಗುಂಡು ಹಾರಿಸಲಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ಕಣಿವೆಯಲ್ಲಿ ಜನ ಹೆದರಿದ್ದರೆ ಇಂಥವಕ್ಕೆ ಹೆದರಿದ್ದರು.

ಪುಸ್ತಕ ಬರೆಯುವವರ ಕಣ್ಣಿಗೆ ಮಾತ್ರ ಅದೇ ಬೆಟ್ಟಸಾಲು ಬೇರೆಯಾಗಿ ಕಂಡಿತ್ತು. 1892ರಲ್ಲಿ ಝೂಲ್ಸ್ ವರ್ನ್ ಕಾರ್ಪೇಥಿಯನ್ ಬೆಟ್ಟಗಳ ಒಂದು ಕೋಟೆಯ ಬಗ್ಗೆ ಕಾದಂಬರಿ ಬರೆದ. ಅದರ ಹಳ್ಳಿ ಇರುವುದು ಇದೇ ವುಲ್ಕಾನ್ ಕಣಿವೆದಾರಿಯ ಹತ್ತಿರ. ಹಳ್ಳಿಗರು ಪಾಳುಕೋಟೆಯಲ್ಲಿ ದೆವ್ವವಿದೆ ಎಂದು ನಡುಗುತ್ತಾರೆ; ಕೊನೆಗೆ ನೋಡಿದರೆ ಅದು ಒಬ್ಬ ಜಮೀನ್ದಾರ ಸತ್ತ ಗಾಯಕಿಯ ದನಿಯನ್ನೂ ರೂಪವನ್ನೂ ಯಂತ್ರದಲ್ಲಿ ಹಿಡಿದಿಟ್ಟು ಆಡಿದ ಆಟ. ಐದು ವರ್ಷದ ಮೇಲೆ, 1897ರಲ್ಲಿ, ಐರ್ಲೆಂಡಿನ ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ ಪ್ರಕಟಿಸಿದ. ಸ್ಟೋಕರ್ ಟ್ರಾನ್ಸಿಲ್ವೇನಿಯಾಕ್ಕೆ ಕಾಲಿಟ್ಟವನೇ ಅಲ್ಲ. ಆಸ್ಟ್ರಿಯಾ-ಹಂಗೆರಿ ಸೈನ್ಯದ ಅಧಿಕಾರಿಯೊಬ್ಬನ ಹೆಂಡತಿಯಾಗಿ ಅಲ್ಲಿದ್ದ ಎಮಿಲಿ ಜೆರಾರ್ಡ್ 1885ರಲ್ಲಿ ಆ ಸೀಮೆಯ ಮೂಢನಂಬಿಕೆಗಳ ಮೇಲೆ ಬರೆದ ಲೇಖನ, ವಿಟ್ಬಿ ಊರಿನ ಗ್ರಂಥಾಲಯದಲ್ಲಿ ಸಿಕ್ಕ ವಿಲ್ಕಿನ್ಸನ್ ಎಂಬಾತನ ಪುಸ್ತಕ, ನಕ್ಷೆಗಳು, ರೈಲಿನ ವೇಳಾಪಟ್ಟಿ ಇವು ಅವನ ಬಂಡವಾಳ. ಡ್ರಾಕುಲಾ ಎಂಬ ಹೆಸರು ಸಿಕ್ಕಿದ್ದು ವಿಲ್ಕಿನ್ಸನ್ ಪುಸ್ತಕದಲ್ಲಿ.

ಇಲ್ಲಿ ಒಂದು ಮಾತು. ಸ್ಟೋಕರನಿಗೆ ಅನುವಾದಕ ರಿಚರ್ಡ್ ಬರ್ಟನ್ ಪರಿಚಯವಿತ್ತು. ಬರ್ಟನ್ ಮಾತಾಡುವಾಗ ಹೊಳೆಯುತ್ತಿದ್ದ ಕೋರೆಹಲ್ಲಿನ ನೆನಪನ್ನು ಸ್ಟೋಕರ್ ಬರೆದಿಟ್ಟಿದ್ದಾನೆ. ಆ ಬರ್ಟನ್ 1870ರಲ್ಲಿ ಇಂಗ್ಲಿಷ್ ಮಾಡಿದ್ದು ನಮ್ಮ ಬೇತಾಳ ಪಂಚವಿಂಶತಿಯ ಕಥೆಗಳನ್ನು. ಬೇತಾಳನನ್ನು ಅವನು ರಕ್ತಪಿಶಾಚಿಯ ಹೆಸರಿನಿಂದಲೇ ಕರೆದ. ವಿಕ್ರಮನ ಹೆಗಲೇರಿ ಒಗಟು ಹಾಕುವ ನಮ್ಮ ಬೇತಾಳ ಯಾರ ರಕ್ತವನ್ನೂ ಕುಡಿದವನಲ್ಲ. ಪಾಪ, ಹೆಸರು ಕೆಟ್ಟಿತು ಅಷ್ಟೆ. ಮುಂದಕ್ಕೆ ಹೋಗೋಣ.

1930ರಲ್ಲಿ ಏಳು ವರ್ಷದ ಹುಡುಗ ಅಮೆರಿಕಕ್ಕೆ ಬಂದ. ಮನೆಯವರು ನೆಲೆಸಿದ್ದು ಒಹಾಯೊದ ಕ್ಲೀವ್‌ಲ್ಯಾಂಡಿನಲ್ಲಿ. ಅಷ್ಟು ಹೊತ್ತಿಗೆ ಅಮೆರಿಕದ ಬಾಗಿಲು ಬಹುಪಾಲು ಮುಚ್ಚಿತ್ತು. 1924ರ ವಲಸೆ ಕಾಯ್ದೆ ಪೂರ್ವ ಮತ್ತು ದಕ್ಷಿಣ ಯೂರೋಪಿನವರನ್ನು ದೂರವಿಡಲೆಂದೇ ಹುಟ್ಟಿದ್ದು. ಇಡೀ ರುಮೇನಿಯಾಕ್ಕೆ ವರ್ಷಕ್ಕೆ ಕೆಲವೇ ನೂರು ಜನರ ಮಿತಿ. ಆ ಸಂದಿಯಲ್ಲಿ ನುಸುಳಿ ಬಂದವನು ಲುಡೊವಿಕ್. ಶಾಲೆಯಲ್ಲಿ ಲೆನರ್ಡ್ ಆದ.

ಈಗ ‘ಡ್ರಾಕುಲಾ’ದ ಎರಡನೆಯ ಅಧ್ಯಾಯವನ್ನು ನೆನೆಸಿಕೊಳ್ಳಿ. ಸಿನಿಮಾ ನೋಡಿದವರಿಗೆ ಇದು ಮರೆತುಹೋಗಿರುತ್ತದೆ. ಇಂಗ್ಲೆಂಡಿನಿಂದ ಬಂದ ವಕೀಲ ಹಾರ್ಕರ್ ಕೋಟೆಯಲ್ಲಿ ಕಾಣುವುದು ಇಂಗ್ಲಿಷ್ ಪುಸ್ತಕಗಳ ರಾಶಿಯನ್ನು. ಕೌಂಟ್ ಸೋಫಾದ ಮೇಲೆ ಒರಗಿ ಇಂಗ್ಲೆಂಡಿನ ರೈಲ್ವೆ ಗೈಡ್ ಓದುತ್ತಿರುತ್ತಾನೆ. ನನಗೆ ವ್ಯಾಕರಣ ಬರುತ್ತದೆ, ಪದ ಬರುತ್ತದೆ, ಆದರೆ ಮಾತಾಡಿದ ಕೂಡಲೆ ಪರದೇಶಿ ಎಂದು ಗೊತ್ತಾಗಬಾರದು, ಉಚ್ಚಾರ ತಿದ್ದು ಎಂದು ಅತಿಥಿಯನ್ನು ಬೇಡಿಕೊಳ್ಳುತ್ತಾನೆ. ಊರಲ್ಲಿ ದೊರೆಯಾದವನು ಲಂಡನ್ನಿನ ಬೀದಿಯಲ್ಲಿ ಯಾರೂ ಅಲ್ಲದವನಾಗಬಾರದು ಎಂಬ ಹೆದರಿಕೆ ಅವನಿಗೆ. ಆಮೇಲೆ ತವರ ಮಣ್ಣು ತುಂಬಿದ 50 ಪೆಟ್ಟಿಗೆಗಳೊಂದಿಗೆ ಹಡಗು ಹತ್ತುತ್ತಾನೆ.

ಟ್ರಾನ್ಸಿಲ್ವೇನಿಯಾದಿಂದ ಬಂದು, ಉಚ್ಚಾರ ತಿದ್ದಿಕೊಂಡು, ಇಂಗ್ಲಿಷ್ ಮೇಷ್ಟರಾಗಿ ಬೆಳೆದವನೊಬ್ಬ ಈ ಪುಟಗಳನ್ನು ಓದುವ ರೀತಿಯೇ ಬೇರೆ ಇರಬೇಕಲ್ಲವೆ? ಇಂಗ್ಲೆಂಡಿನ ಓದುಗ ಹಾರ್ಕರನ ಪಕ್ಕದಲ್ಲಿ ಕೂತು ಓದುತ್ತಾನೆ. ವುಲ್ಫ್ ಕೂರಬಹುದಾದ ಜಾಗಗಳು ಎರಡಿದ್ದವು. 1972ರಲ್ಲಿ ಬಂದ ಅವರ ಮೊದಲ ಡ್ರಾಕುಲಾ ಪುಸ್ತಕಕ್ಕೆ ಅವರಿಟ್ಟ ಹೆಸರಿನಲ್ಲಿ ಡ್ರಾಕುಲಾ ಒಂದು ಕನಸು. ಅದೇ ವರ್ಷ ಮೆಕ್‌ನಲಿ ಮತ್ತು ಫ್ಲೊರೆಸ್ಕು ಎಂಬ ಇಬ್ಬರು ಚರಿತ್ರೆಕಾರರ ಪುಸ್ತಕವೂ ಬಂತು. ಅವರು ಹುಡುಕಿಕೊಂಡು ಹೋದದ್ದು 15ನೆಯ ಶತಮಾನದ ವ್ಲಾಡ್ ದೊರೆಯನ್ನು, ಶೂಲಕ್ಕೇರಿಸುವುದರಲ್ಲಿ ಹೆಸರಾದವನನ್ನು. ಪ್ರವಾಸೋದ್ಯಮಕ್ಕೆ ಅನುಕೂಲವಾದದ್ದು ಇವರ ದಾರಿ. ಇವತ್ತಿಗೂ ಬಸ್ಸುಗಳು ತುಂಬಿ ಹೋಗುತ್ತವೆ. ಆ ವ್ಲಾಡ್ ಆಳಿದ್ದು ಟ್ರಾನ್ಸಿಲ್ವೇನಿಯಾವನ್ನಲ್ಲ, ಪಕ್ಕದ ವಲೇಕಿಯಾವನ್ನು ಎಂಬುದು ಬಸ್ಸಿನಲ್ಲಿ ಕೂತವರಿಗೆ ಬೇಕಿಲ್ಲ. ನನಗೆ ವುಲ್ಫ್ ಹಿಡಿದ ದಾರಿಯೇ ಹೆಚ್ಚು ಬೆಲೆಯದಾಗಿ ಕಾಣುತ್ತದೆ. ಪಿಶಾಚಿ ಯಾರಾಗಿದ್ದ ಎನ್ನುವುದಕ್ಕಿಂತ ಜನಕ್ಕೆ ಅವನು ಯಾಕೆ ಬೇಕಾದ ಎನ್ನುವುದು ದೊಡ್ಡ ಪ್ರಶ್ನೆ.

ಇಷ್ಟರೊಳಗೆ ಅವರ ಬದುಕು ಏನೇನೋ ಕಂಡಿತ್ತು. ಬರ್ಕಲಿಯಲ್ಲಿ ಓದು, ಅಯೊವಾದಲ್ಲಿ ಡಾಕ್ಟರೇಟು, 1945ರಷ್ಟು ಹಿಂದೆಯೇ ಒಂದು ಕವನ ಸಂಕಲನ, ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಪಾಠ. 1967ರಲ್ಲಿ ಅದೇ ನಗರದ, ಹಿಪ್ಪಿಗಳ ಬೀಡಾದ ಹೇಟ್-ಆ್ಯಶ್‌ಬರಿಗೆ ದೇಶದ ಮೂಲೆಮೂಲೆಯಿಂದ ಮಕ್ಕಳು ಮನೆಬಿಟ್ಟು ಓಡಿಬಂದಾಗ, ಅಲ್ಲಿ ‘ಹ್ಯಾಪನಿಂಗ್ ಹೌಸ್’ ಎಂಬ ಕಲಿಕೆಯ ಮನೆ ತೆರೆದರು. ಆ ಯುವಜನರ ಮಾತುಗಳನ್ನು ಕೇಳಿ ಬರೆದುಕೊಂಡು 1968ರಲ್ಲಿ ಪುಸ್ತಕ ಮಾಡಿದರು.

ಇನ್ನು 1975ರ ಸಟಿಪ್ಪಣ ‘ಡ್ರಾಕುಲಾ’. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ನ್ಯೂಯಾರ್ಕಿನ ಕ್ಲಾರ್ಕ್‌ಸನ್ ಪಾಟರ್ ಪ್ರಕಾಶನ 1960ರಲ್ಲಿ ಮಾರ್ಟಿನ್ ಗಾರ್ಡ್ನರ್ ಅವರಿಂದ ‘ಆ್ಯಲಿಸ್’ಗೆ ಟಿಪ್ಪಣಿ ಬರೆಸಿ ಗೆದ್ದಿತ್ತು, ಆಮೇಲೆ ಷೆರ್ಲಾಕ್ ಹೋಮ್ಸ್. ಆದರೆ ‘ಡ್ರಾಕುಲಾ’ದ ಸಾಹಸ ಸಣ್ಣದಾಗಿರಲಿಲ್ಲ. ವಿಶ್ವವಿದ್ಯಾಲಯಗಳು ಆಗಿನ್ನೂ ‘ಡ್ರಾಕುಲಾ’ವನ್ನು ರೈಲ್ವೆ ಸ್ಟೇಷನ್ನಿನ ಪುಸ್ತಕ ಎಂದೇ ಎಣಿಸಿದ್ದವು. ಕಾಳಿದಾಸನಿಗೆ ಮಲ್ಲಿನಾಥ ವ್ಯಾಖ್ಯಾನ ಬರೆದರೆ ನಾವು ಒಪ್ಪುತ್ತೇವೆ. ಪತ್ತೇದಾರಿ ಕಾದಂಬರಿಗೆ ಯಾರಾದರೂ ಅಂಥ ಟೀಕೆ ಬರೆದರೆ ನಗುತ್ತೇವೆ. ವುಲ್ಫ್ ನಗೆಗೆ ಹೆದರಲಿಲ್ಲ. ದೊಡ್ಡ ಆಕಾರದ ಪುಸ್ತಕ, ಪಠ್ಯದ ಮಗ್ಗುಲಲ್ಲೇ ಟಿಪ್ಪಣಿ, ನಕ್ಷೆಗಳು, ಸ್ಯಾಟಿ ಎಂಬ ಕಲಾವಿದನ ಚಿತ್ರಗಳು.

ಈ ಕಾದಂಬರಿ ಟಿಪ್ಪಣಿಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಕಥೆಗಾರ ಇಲ್ಲ. ದಿನಚರಿ, ಕಾಗದ, ತಂತಿ, ಪತ್ರಿಕೆಯ ತುಣುಕು ಇಷ್ಟೆ. ಮೊದಲ ಪುಟದಲ್ಲೇ ರೈಲು ಮ್ಯೂನಿಕ್ ಬಿಟ್ಟ ಹೊತ್ತು ರಾತ್ರಿ 8:35, ತಡವಾದದ್ದು ಒಂದು ಗಂಟೆ. ಕ್ಲಾಸೆನ್‌ಬರ್ಗಿನ ಹೋಟೆಲಿನಲ್ಲಿ ತಿಂದ ಖಾರದ ಕೋಳಿಯನ್ನು ಮಾಡುವ ಬಗೆ ಕೇಳಿಕೊಂಡು ಮದುವೆಯಾಗಲಿರುವ ಹುಡುಗಿಗೆ ತಿಳಿಸಬೇಕು ಎಂಬ ಜ್ಞಾಪಕ. ಡ್ರಾಕುಲಾನನ್ನು ಹೊತ್ತು ತಂದು ವಿಟ್ಬಿಯ ದಡಕ್ಕೆ ಬಡಿದ ಹಡಗಿನ ಹಿಂದೆ 1885ರ ಅಕ್ಟೋಬರಿನಲ್ಲಿ ಅಲ್ಲೇ ದಡಕ್ಕೆ ಬಡಿದ ‘ಡ್ಮಿಟ್ರಿ’ ಎಂಬ ನಿಜವಾದ ರಷ್ಯದ ಹಡಗಿದೆ. ಲೂಸಿ ಎಂಬ ಹುಡುಗಿಗೆ ನಾಲ್ವರು ಗಂಡಸರು ಸಾಲಾಗಿ ರಕ್ತ ಕೊಡುತ್ತಾರೆ. ರಕ್ತದಲ್ಲಿ ಗುಂಪುಗಳಿವೆ ಎಂದು ಲ್ಯಾಂಡ್‌ಸ್ಟೈನರ್ ಪ್ರಕಟಿಸಿದ್ದು 1901ರಲ್ಲಿ, ಕಾದಂಬರಿ ಬಂದ ನಾಲ್ಕು ವರ್ಷದ ಮೇಲೆ. ಇವತ್ತಿನ ವೈದ್ಯರನ್ನು ಕೇಳಿದರೆ ಆಕೆಗೆ ಪಿಶಾಚಿಗಿಂತ ಈ ಗೆಳೆಯರಿಂದಲೇ ಹೆಚ್ಚು ಅಪಾಯ ಎಂದಾರು. ಇಂಥ ವಿವರಗಳು ಹೆದರಿಕೆಯನ್ನು ಕಡಿಮೆ ಮಾಡುವುದಿಲ್ಲ. ಸುಳ್ಳಿನ ಸುತ್ತ ನಿಜ ಎಷ್ಟು ದಟ್ಟವಾಗಿದೆ ಎಂದು ತೋರಿಸಿಕೊಡುತ್ತವೆ.

ಅದೇ ಕಾದಂಬರಿಯ ಕೊನೆಯ ಭಾಗದಲ್ಲಿ, ಡ್ಯಾನ್ಯೂಬ್ ನದಿಯ ಗಲಾಟ್ಸ್ ಬಂದರಿನಲ್ಲಿ, ಹಿಲ್ಡೆಶೈಮ್ ಎಂಬ ಒಬ್ಬ ಯಹೂದಿ ಒಂದೇ ಪ್ಯಾರಾದಷ್ಟು ಬಂದುಹೋಗುತ್ತಾನೆ. ಡ್ರಾಕುಲಾನ ಪೆಟ್ಟಿಗೆ ಸಾಗಿಸಿದ ದಲ್ಲಾಳಿ. ಅವನ ಮೂಗಿನ ಬಗ್ಗೆ ಒಂದು ಗೇಲಿ, ದುಡ್ಡು ಬಿಚ್ಚಿದರೆ ಬಾಯಿ ಬಿಚ್ಚುತ್ತಾನೆ ಎಂಬ ಇನ್ನೊಂದು ಗೇಲಿ, ಅಲ್ಲಿಗೆ ಅವನ ಕೆಲಸ ಮುಗಿಯಿತು. ಆ ಕಾಲದ ಲಂಡನ್ ನಾಟಕಗಳ ಸಿದ್ಧ ಅಚ್ಚು ಅದು. 1990ರ ದಶಕದಲ್ಲಿ ಕೆಲವು ವಿದ್ವಾಂಸರು ಇನ್ನೂ ಮುಂದೆ ಹೋದರು. ರಷ್ಯ, ಪೋಲೆಂಡ್, ರುಮೇನಿಯಾಗಳಿಂದ ಓಡಿಬಂದ ಯಹೂದಿಗಳು 1880ರ ನಂತರ ಲಂಡನ್ನಿನ ಈಸ್ಟ್ ಎಂಡ್ ತುಂಬಿದಾಗ ಅಲ್ಲಿನ ಪತ್ರಿಕೆಗಳಿಗೆ ಹಿಡಿದ ನಡುಕವೇ ಡ್ರಾಕುಲಾನ ಮೈಯಾಗಿದೆ; ಪೂರ್ವದಿಂದ ಬಂದು, ನಗರದಲ್ಲಿ ಮನೆಗಳನ್ನು ಕೊಂಡು, ನಮ್ಮ ರಕ್ತ ಹೀರುವವನು ಎಂಬ ಚಿತ್ರ ಅಲ್ಲಿಂದ ಬಂದದ್ದು ಎಂದರು. ಈ ವಾದವನ್ನು ಪೂರಾ ಒಪ್ಪಲು ನನಗೆ ಅಳುಕಿದೆ, ಏಕೆಂದರೆ ಡ್ರಾಕುಲಾ ಊಳಿಗಮಾನ್ಯ ದೊರೆಯೂ ಹೌದು, ಶಿಲುಬೆಯ ಹೆಸರಿನಲ್ಲಿ ತುರ್ಕರೊಡನೆ ಕಾದಾಡಿದ ವಂಶದವನೂ ಹೌದು. ಆದರೆ ಯಾವ ಭಯದಿಂದ ಆ ಪಿಶಾಚಿ ಹುಟ್ಟಿತೋ ಅದೇ ಭಯ ಅಮೆರಿಕದಲ್ಲಿ 1924ರ ಕಾಯ್ದೆಯನ್ನೂ ಹೆತ್ತಿತು ಎಂದರೆ ನಾನು ಒಪ್ಪುತ್ತೇನೆ. ಆ ಕಾಯ್ದೆಯನ್ನು ದಾಟಿ ಬಂದ ಹುಡುಗನ ಕೈಯಲ್ಲಿ ಆ ಪುಸ್ತಕದ ಮೊದಲ ಟೀಕೆ ಆಯಿತು.

ಇನ್ನೊಂದು ವಿಷಯವನ್ನು ನೋಡಿ. ಹಾರ್ಕರ್ ರೈಲಿನಲ್ಲಿ ಹಾದುಹೋಗುವ ಊರುಗಳು ಕ್ಲಾಸೆನ್‌ಬರ್ಗ್ ಮತ್ತು ಬಿಸ್ಟ್ರಿಟ್ಸ್, ಇವತ್ತಿನ ಕ್ಲುಜ್ ಮತ್ತು ಬಿಸ್ಟ್ರಿಟ್ಸಾ. 1940ರ ಆಗಸ್ಟ್ 30ರಂದು ಹಿಟ್ಲರ್ ಮಧ್ಯಸ್ಥಿಕೆಯಲ್ಲಿ ಟ್ರಾನ್ಸಿಲ್ವೇನಿಯಾವನ್ನು ಹೋಳು ಮಾಡಿದರು. ಈ ಎರಡೂ ಊರುಗಳಿದ್ದ ಉತ್ತರ ಭಾಗ ಹಂಗೆರಿಗೆ ಹೋಯಿತು. 1944ರ ಮೇ ಮತ್ತು ಜೂನ್ ತಿಂಗಳಲ್ಲಿ ಅಲ್ಲಿನ ಯಹೂದಿಗಳನ್ನು ಗೂಡ್ಸ್ ರೈಲುಗಳಿಗೆ ತುಂಬಿ ಔಷ್‌ವಿಟ್ಸ್‌ಗೆ ಸಾಗಿಸಲಾಯಿತು. ವುಲ್ಕಾನ್ ದಕ್ಷಿಣದ ಹೋಳಿನಲ್ಲಿ ರುಮೇನಿಯಾದಲ್ಲೇ ಉಳಿಯಿತು. ಅಲ್ಲಿ ಬಿಟ್ಟಿ ದುಡಿಮೆ ಇತ್ತು, ಆಸ್ತಿಯ ಲೂಟಿ ಇತ್ತು, ಆದರೆ ಆ ರೈಲುಗಳು ಹೊರಡಲಿಲ್ಲ. ನಕ್ಷೆಯ ಮೇಲೆ ಎಳೆದ ಒಂದು ಗೆರೆ ಯಾರು ಉಳಿಯಬೇಕು ಎಂದು ತೀರ್ಮಾನಿಸಿತು. ‘ಡ್ರಾಕುಲಾ’ದ ಮೊದಲ ಪುಟದ ರೈಲಿನ ಹೊತ್ತುಗಳನ್ನು 1944ರ ನಂತರ ಓದುವುದು ಬೇರೆಯೇ ಓದು.

1977ರಲ್ಲಿ ‘ಫ್ರಾಂಕೆನ್‌ಸ್ಟೈನ್’ಗೆ, 1990ರ ದಶಕದಲ್ಲಿ ‘ಜೆಕಿಲ್ ಮತ್ತು ಹೈಡ್’ ಹಾಗೂ ‘ಫ್ಯಾಂಟಮ್ ಆಫ್ ದಿ ಆಪೆರಾ’ಗಳಿಗೆ ಅವರು ಟಿಪ್ಪಣಿ ಬರೆದರು. ಅವು ಒಳ್ಳೆಯ ಕೆಲಸಗಳೇ, ಆದರೆ ‘ಡ್ರಾಕುಲಾ’ದ ಹತ್ತಿರ ನಿಲ್ಲುವುದಿಲ್ಲ. 1980ರಲ್ಲಿ ಝಿಲ್ ದ ರೇ ಎಂಬವನ ಚರಿತ್ರೆ ಬರೆದರು. ಅವನು ಜೋನ್ ಆಫ್ ಆರ್ಕ್ ಜೊತೆ ಕತ್ತಿ ಹಿಡಿದ ವೀರ. ಮಕ್ಕಳನ್ನು ಕೊಂದ ಆರೋಪದ ಮೇಲೆ 1440ರಲ್ಲಿ ನಾಂತ್ ಪಟ್ಟಣದಲ್ಲಿ ಗಲ್ಲಿಗೇರಿದ. ಎರಡು ವರ್ಷದ ಮೇಲೆ, 17ನೆಯ ಶತಮಾನದ ಶಬ್ಬತಾಯ್ ಝ್ವಿ ಬಗ್ಗೆ ಕಾದಂಬರಿ. ತಾನೇ ಉದ್ಧಾರಕ ಎಂದು ಸಾವಿರಾರು ಯಹೂದಿಗಳನ್ನು ನಂಬಿಸಿ, 1666ರಲ್ಲಿ ತುರ್ಕಿ ಸುಲ್ತಾನನೆದುರು ಇಸ್ಲಾಮಿಗೆ ಮತಾಂತರವಾದವನು ಅವನು.

ಈಗ ಯಿಡ್ಡಿಷ್. ಮಧ್ಯಯುಗದ ಜರ್ಮನ್ ನುಡಿಯ ಮೇಲೆ ಹೀಬ್ರೂ ಮತ್ತು ಸ್ಲಾವ್ ಪದಗಳು ಕೂಡಿ ಬೆಳೆದ, ಹೀಬ್ರೂ ಅಕ್ಷರಗಳಲ್ಲಿ ಬರೆಯುವ ಭಾಷೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಇದನ್ನಾಡುವವರು ಸುಮಾರು 1 ಕೋಟಿ 10 ಲಕ್ಷ ಜನ. ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಸುಮಾರು 50 ಲಕ್ಷ ಮಂದಿ ಈ ಭಾಷೆಯವರು. 1978ರಲ್ಲಿ ಐಸಾಕ್ ಬಶೆವಿಸ್ ಸಿಂಗರ್ ನೊಬೆಲ್ ಪ್ರಶಸ್ತಿ ಪಡೆದಾಗ ಸ್ಟಾಕ್‌ಹೋಮಿನ ಔತಣಕೂಟದಲ್ಲಿ, ನೀವು ಯಾಕೆ ಯಿಡ್ಡಿಷಿನಲ್ಲಿ ಬರೆಯುತ್ತೀರಿ ಎಂಬ ಹಳೆಯ ಪ್ರಶ್ನೆಗೆ ತಮಾಷೆಯಾಗಿ ಉತ್ತರ ಹೇಳಿದರು: ತನಗೆ ದೆವ್ವದ ಕಥೆ ಇಷ್ಟ, ದೆವ್ವಗಳಿಗೆ ಸಾಯುತ್ತಿರುವ ಭಾಷೆಯೇ ಒಗ್ಗುವುದು ಎಂಬ ಅರ್ಥದಲ್ಲಿ. ಸಭೆ ನಕ್ಕಿತು. ಆ ಮಾತು ಅಂದಿನಿಂದ ಎಷ್ಟು ಸಲ ಉಲ್ಲೇಖವಾಗಿದೆಯೆಂದರೆ, ಯಿಡ್ಡಿಷ್ ಎಂದರೆ ಸ್ಮಶಾನದ ಭಾಷೆ ಎಂಬುದು ಗಾದೆಯೇ ಆಗಿಹೋಗಿದೆ.

ಭಯದ ಸಾಹಿತ್ಯದಲ್ಲಿ ಅರ್ಧ ಆಯುಷ್ಯ ಕಳೆದ ವುಲ್ಫ್ ಈ ಗಾದೆಗೆ ಸರಿಯಾಗಿ ಹೊಂದುವವರು. ಸಿಂಗರ್ ಕಥೆಗಳ ಭೂತ, ಮೈಮೇಲೆ ಬರುವ ದಿಬ್ಬುಕ್, ಶೈತಾನರನ್ನು ಹುಡುಕಿಕೊಂಡು ಹೋಗಿ ಅನುವಾದಿಸಬಹುದಿತ್ತು. ಅವರು ಆರಿಸಿಕೊಂಡ ಸಿಂಗರ್ ಕಾದಂಬರಿಯಲ್ಲಿ ದೆವ್ವದ ಕಾಟ ಇಲ್ಲ. ‘ದಿ ಸರ್ಟಿಫಿಕೇಟ್’ ಎಂಬ ಹೆಸರಿನಲ್ಲಿ 1992ರಲ್ಲಿ, ಸಿಂಗರ್ ತೀರಿಕೊಂಡ ಮರುವರ್ಷ, ಅದು ಇಂಗ್ಲಿಷಿನಲ್ಲಿ ಬಂತು. 1922ರ ವಾರ್ಸಾ. ಕಿಸೆಯಲ್ಲಿ ಕಾಸಿಲ್ಲದ, ಬರಹಗಾರನಾಗಬೇಕೆಂಬ ಹುಚ್ಚಿನ ಒಬ್ಬ ಹದಿಹರೆಯದವನು ಪ್ಯಾಲೆಸ್ಟೈನಿಗೆ ಹೋಗುವ ರಹದಾರಿಗಾಗಿ ಅಪರಿಚಿತ ಹೆಣ್ಣನ್ನು ಕಾಗದದ ಮೇಲೆ ಮದುವೆಯಾಗಲು ಹೊರಡುತ್ತಾನೆ. ಮುದ್ರೆ, ಕಚೇರಿ, ಸಾಲು, ಬಾಡಿಗೆ ಕೋಣೆ. ಊರು ಬಿಡಬೇಕು, ಬಿಡಲು ಆಗದು. ವೀಸಾ ಕಚೇರಿಯ ಮುಂದೆ ನಿಂತ ಯಾರಿಗಾದರೂ ಈ ಪುಸ್ತಕ ಅರ್ಥವಾಗುತ್ತದೆ.

ಆದರೆ ವುಲ್ಫ್ ನಿಜವಾಗಿ ಮನಸೋತದ್ದು ಇಟ್ಸಿಕ್ ಮಾಂಗರ್ ಎಂಬ ಕವಿಗೆ. 1901ರಲ್ಲಿ ಚೆರ್ನೊವಿಟ್ಸ್‌ನಲ್ಲಿ ಹುಟ್ಟಿದ, ದರ್ಜಿಯ ಮಗ. ಊರು ಆಗ ಆಸ್ಟ್ರಿಯಾದ್ದು, ಮುಂದೆ ರುಮೇನಿಯಾದ್ದು, ಈಗ ಯುಕ್ರೇನಿನದು. ಬೈಬಲ್ಲಿನ ಅಬ್ರಹಾಂ, ಸಾರಾ, ಹಾಗಾರರನ್ನು ಪೂರ್ವ ಯೂರೋಪಿನ ಹಳ್ಳಿಗಳಿಗೆ ಕರೆತಂದು ಗಾಡಿ ಹತ್ತಿಸಿದವನು, ಗಂಡಹೆಂಡಿರ ಜಗಳ ಆಡಿಸಿದವನು. ಅವನ ಒಂದೇ ಕಾದಂಬರಿ, ಸ್ವರ್ಗದ ಬಗ್ಗೆ ಬರೆದದ್ದು, 1939ರಲ್ಲಿ ವಾರ್ಸಾದಲ್ಲಿ ಅಚ್ಚಾಯಿತು. ಅದೇ ವರ್ಷ ಯುದ್ಧ ಬಂತು. ವುಲ್ಫ್ ಅದನ್ನು 1965ರಲ್ಲಿ ಇಂಗ್ಲಿಷಿಗೆ ತಂದರು. ಗಮನಿಸಿ, ಅವರ ಡ್ರಾಕುಲಾ ಪುಸ್ತಕಗಳಿಗಿಂತ ಇದು ಮೊದಲು.

ಕಥೆ ಹೀಗಿದೆ. ಹುಟ್ಟುವ ಮುನ್ನ ಮಗುವಿಗೆ ಸ್ವರ್ಗದ ನೆನಪೆಲ್ಲ ಇರುತ್ತದೆ. ಭೂಮಿಗೆ ಕಳಿಸುವ ದೇವದೂತ ಮೂಗಿಗೆ ಒಂದು ಬೆರಳೇಟು ಕೊಟ್ಟ ಕೂಡಲೆ ಎಲ್ಲ ಮರೆತುಹೋಗುತ್ತದೆ ಎಂಬುದು ಯಹೂದಿಗಳ ನಂಬಿಕೆ. ಶ್ಮುಎಲ್-ಅಬಾ ಎಂಬ ಪುಟ್ಟ ದೇವದೂತ ದೊಡ್ಡವನಿಗೆ ಕುಡಿಸಿ, ಮೂಗಿಗೆ ಮಣ್ಣಿನ ಮೂಗು ಅಂಟಿಸಿಕೊಂಡು, ಏಟು ತಪ್ಪಿಸಿಕೊಂಡು, ನೆನಪಿನ ಸಮೇತ ಭೂಮಿಗೆ ಬೀಳುತ್ತಾನೆ. ಆಮೇಲೆ ಊರ ದೊಡ್ಡವರನ್ನು ಕೂರಿಸಿಕೊಂಡು ಸ್ವರ್ಗದ ಸುದ್ದಿ ಹೇಳುತ್ತಾನೆ. ಅಲ್ಲಿಯೂ ಬಡ ದೇವದೂತರಿದ್ದಾರೆ, ಅವರನ್ನು ದುಡಿಸಿಕೊಳ್ಳುವ ಪುಣ್ಯಾತ್ಮರಿದ್ದಾರೆ. ಯಹೂದಿ ಸ್ವರ್ಗ, ಕ್ರೈಸ್ತ ಸ್ವರ್ಗ, ತುರ್ಕರ ಸ್ವರ್ಗ ಎಂದು ಮೂರು ಭಾಗ, ನಡುವೆ ಗಡಿ, ಗಡಿಗೆ ಕಾವಲು. ಉದ್ಧಾರಕನಾದ ಮೆಸ್ಸೀಯನ ಔತಣಕ್ಕೆಂದು ಮೇಯಿಸುತ್ತಿದ್ದ ಎತ್ತು ಬೇಲಿ ಹಾರಿ ಕ್ರೈಸ್ತ ಸ್ವರ್ಗಕ್ಕೆ ಓಡಿಹೋದಾಗ ದೊಡ್ಡ ರಾಜತಾಂತ್ರಿಕ ಗಲಾಟೆಯೇ ಆಗುತ್ತದೆ. ಅಂಥ ಕಾಲದಲ್ಲಿ ಇಂಥ ನಗೆ ನಕ್ಕವನಿಗೆ ಎಷ್ಟು ಧೈರ್ಯ ಇರಬೇಕು! ಮಾಂಗರ್‌ನ ಕವಿತೆ ಗದ್ಯಗಳ ಆಯ್ದ ಸಂಪುಟವನ್ನೂ ವುಲ್ಫ್ 2002ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೂಲಕ ತಂದರು. ಅಂದರೆ ಸುಮಾರು 40 ವರ್ಷ ಈ ಕವಿ ಅವರ ಕೈಬಿಡಲಿಲ್ಲ.

ಹೀಗೆ ನೋಡಿದರೆ ವುಲ್ಫ್ ಎಲ್ಲರೂ ಎಣಿಸುವುದಕ್ಕೆ ತಿರುಗುಮುರುಗಾಗಿ ನಡೆದುಕೊಂಡಿದ್ದಾರೆ. ಭಯವನ್ನು ಅವರು ಇಂಗ್ಲಿಷಿನಲ್ಲಿ ಇಟ್ಟರು, ನಗುವನ್ನು ಯಿಡ್ಡಿಷಿನಲ್ಲಿ ಹುಡುಕಿದರು. ಪರಕೀಯನನ್ನು ಕಂಡು ನಡುಗುವ ಚಾಳಿ ಇಂಗ್ಲಿಷಿನದು, ಅದಕ್ಕೆ ಟಿಪ್ಪಣಿ ಬೇಕು. ಆ ಪರಕೀಯರು ತಮ್ಮ ಮನೆಯೊಳಗೆ ಏನು ಮಾತಾಡಿಕೊಂಡು ನಗುತ್ತಿದ್ದರು ಎಂಬುದಕ್ಕೆ ಅನುವಾದ ಬೇಕು. ಅವರ ಎರಡು ಕೆಲಸಗಳನ್ನು ನಾನು ಒಂದು ಎನ್ನುವುದು ಈ ಕಾರಣಕ್ಕೆ.

ಕೊನೆಯದಾಗಿ ಕರಡಿಯ ಮಾತು. 2000ದಲ್ಲಿ ಡಟನ್ ಪ್ರಕಾಶನ ವುಲ್ಫ್ ಮಾಡಿದ ‘ವಿನಿ-ದೆರ್-ಪು’ ಪ್ರಕಟಿಸಿತು. ಮಿಲ್ನ್ 1926ರಲ್ಲಿ ಮಕ್ಕಳಿಗೆಂದು ಬರೆದ ಕರಡಿಯ ಕಥೆ ‘ವಿನಿ ದಿ ಪೂ’ ಯಿಡ್ಡಿಷಿನಲ್ಲಿ. 40 ವರ್ಷ ಹಿಂದೆ ಇದೇ ಪ್ರಕಾಶನ ಹಂಗೆರಿಯ ಅಲೆಕ್ಸಾಂಡರ್ ಲೆನಾರ್ಡ್ ಬ್ರೆಜಿಲ್‌ನಲ್ಲಿ ಕೂತು ಮಾಡಿದ ಲ್ಯಾಟಿನ್ ‘ಪೂ’ವನ್ನು ಅಮೆರಿಕದಲ್ಲಿ ಪ್ರಕಟಿಸಿ, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಹೆಚ್ಚು ಮಾರಾಟದ ಪಟ್ಟಿಗೆ ಏರಿಸಿತ್ತು. ಲ್ಯಾಟಿನ್ ‘ಪೂ’ ಒಂದು ಪಂಡಿತರ ಚೇಷ್ಟೆ, ಅದನ್ನು ಕೇಳಿಕೊಂಡು ನಿದ್ದೆ ಹೋಗುವ ಮಗು ಎಲ್ಲೂ ಇಲ್ಲ. ಯಿಡ್ಡಿಷ್ ಹಾಗಲ್ಲ. ಬ್ರೂಕ್ಲಿನ್‌ನ ಹಸೀದಿ ಸಂಪ್ರದಾಯದ ಕೇರಿಗಳಲ್ಲಿ ಇವತ್ತಿಗೂ ಮಕ್ಕಳು ಯಿಡ್ಡಿಷಿನಲ್ಲೇ ಅಳುತ್ತವೆ, ಜಗಳಾಡುತ್ತವೆ. ಸಿಂಗರ್ ಅವರ ತಮಾಷೆಗೆ ಅಲ್ಲಿ ಯಾರೂ ನಗಲಾರರು. ತೊಡಕು ಎಲ್ಲಿದೆಯೆಂದರೆ, ಆ ಮನೆಗಳಲ್ಲಿ ಹೊರಗಿನ ಕಥೆಪುಸ್ತಕಕ್ಕೆ ಜಾಗ ಕಡಿಮೆ. ಅದರಲ್ಲೂ ಒಂದು ಹಂದಿಮರಿ ಮುಖ್ಯ ಪಾತ್ರವಾಗಿರುವ ಪುಸ್ತಕಕ್ಕೆ. ‘ವಿನಿ-ದೆರ್-ಪು’ವನ್ನು ಅಕ್ಕರೆಯಿಂದ ಕೊಂಡುಕೊಂಡವರಲ್ಲಿ ಹೆಚ್ಚಿನವರು ಅಜ್ಜಿಯ ಬಾಯಲ್ಲಿ ನಾಲ್ಕು ಮಾತು ಕೇಳಿದ್ದವರೇ ಹೊರತು ದಿನನಿತ್ಯ ಆ ಭಾಷೆಯಲ್ಲಿ ಬಾಳುವವರಲ್ಲ ಎಂದು ನನ್ನ ಊಹೆ. ವುಲ್ಫ್ ಅವರ ಮಗಳು, ಲೇಖಕಿ ನೇಯೊಮಿ ವುಲ್ಫ್, 2005ರಲ್ಲಿ ತಂದೆಯ ಪಾಠಗಳ ಬಗ್ಗೆ ‘ದಿ ಟ್ರೀಹೌಸ್’ ಎಂಬ ಪುಸ್ತಕ ಬರೆದರು, ಅದೂ ಇಂಗ್ಲಿಷಿನಲ್ಲೇ. ವುಲ್ಫ್ ಎಂಬ ಎಪ್ಪತ್ತೇಳು ವರ್ಷದ ಮನುಷ್ಯ, ಯಾವ ಮಗುವಿನ ಕೈಗೆ ಸೇರುತ್ತದೆಂದು ಖಾತ್ರಿ ಇಲ್ಲದ ಮಕ್ಕಳ ಪುಸ್ತಕಕ್ಕಾಗಿ ಒಂದೊಂದು ವಾಕ್ಯವನ್ನೂ ಕೂತು ಒಗ್ಗಿಸಿದ. ಇದನ್ನು ವ್ಯರ್ಥ ಎನ್ನುವವರೊಡನೆ ನಾನು ಜಗಳವಾಡುವುದಿಲ್ಲ. ಆದರೆ ವುಲ್ಫ್ ಅವರ ಎಲ್ಲ ಪುಸ್ತಕಗಳಲ್ಲಿ ಒಂದನ್ನೇ ಆರಿಸಿಕೋ ಎಂದರೆ ‘ಡ್ರಾಕುಲಾ’ವನ್ನು ಬಿಟ್ಟು ಇದನ್ನು ಎತ್ತಿಕೊಳ್ಳುತ್ತೇನೆ.